ಜೀಪಿನ ಹೊಟ್ಟೆಯ ಕೆಳಗೊಮ್ಮೆ ಬಗ್ಗಿ ನೋಡಿ

ಪ್ಲೇಟು, ಬುಷ್, ಶಾಕ್ ಅಬ್ಸಾರ್ಬರ್: ಕೆಟ್ಟದ್ದು ಯಾವುದು, ಬದಲಿಸಬೇಕಾದ್ದು ಯಾವುದು?

ಆಯುಧಪೂಜೆಯ ದಿನ ನಮ್ಮ ಕಡೆಯ ಪ್ರತಿ ಮನೆಯಲ್ಲೂ ವಾಹನಕ್ಕೆ ಸ್ನಾನವಾಗುತ್ತದೆ. ಬಾನೆಟ್ಟಿಗೆ ಅರಿಸಿನ ಕುಂಕುಮ, ಮುಂದುಗಡೆ ಚೆಂಡುಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು. ಆದರೆ ಆ ಒಂದು ದಿನವಾದರೂ ನೆಲಕ್ಕೆ ಗೋಣಿಚೀಲ ಹಾಸಿ, ಜೀಪಿನ ಹೊಟ್ಟೆಯ ಕೆಳಗೆ ಮಲಗಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ನಾವಂತೂ ನೋಡಿದವರಲ್ಲ. ನೋಡದೆ ಇದ್ದುದರ ಫಲವನ್ನು ಒಂದು ಬೆಳಗಿನ ಜಾವ ಆಗುಂಬೆ ಘಾಟಿಯಲ್ಲಿ ಉಂಡೆವು. ಅಲ್ಲಿಂದ ಈಚೆಗೆ ಕಲಿತದ್ದನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವೆಂದರೆ ಶೃಂಗೇರಿ ಸೀಮೆಯ ಒಂದೇ ಊರಿನ ಮೂರು ಮನೆಯವರು. ಮೂವರದೂ ಸಣ್ಣ ಹಿಡುವಳಿ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡದ ಮಗ್ಗುಲಲ್ಲಿ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ಒಬ್ಬೊಬ್ಬರೂ ಒಂದೊಂದು ವಾಹನ ಇಡುವ ಶಕ್ತಿ ಇಲ್ಲದ್ದರಿಂದ ಮೂವರೂ ಕೂಡಿ ಹಳೆಯ ಎಂ.ಎಂ. 540 ಜೀಪೊಂದನ್ನು ಕೊಂಡಿದ್ದೆವು. ಗೊಬ್ಬರ ತರುವುದು, ಚೀಲ ಸಾಗಿಸುವುದು, ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುವುದು, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಒಯ್ಯುವುದು, ಎಲ್ಲಕ್ಕೂ ಅದೇ. ಮೂವರಲ್ಲಿ ಯಾರೂ ಮೆಕ್ಯಾನಿಕರಲ್ಲ. ಡೀಸೆಲ್ ಹಾಕುವುದು, ಪಂಚರಾದರೆ ಟಯರು ಬದಲಿಸುವುದು, ಅಷ್ಟೇ ನಮ್ಮ ವಿದ್ಯೆ.

ನಡೆದದ್ದೇನು?

ಕೊಯ್ಲಿನ ಕಾಲ. ಜೀಪಿನ ಹಿಂದಿನ ಎಡ ಚಕ್ರ ಹೊಂಡಕ್ಕೆ ಇಳಿದಾಗಲೆಲ್ಲ ‘ಟಕ್’ ಎಂಬ ಸದ್ದು ಬರತೊಡಗಿತು. ಪೇಟೆಯ ಗ್ಯಾರೇಜೊಂದಕ್ಕೆ ಒಯ್ದೆವು. ಅಲ್ಲಿಯವರು ಜೀಪಿನ ಮೂಲೆ ಹಿಡಿದು ಒಮ್ಮೆ ಕುಲುಕಿ, “ಶಾಕ್ ಹೋಗಿದೆ ಗೌಡ್ರೇ, ನಾಲ್ಕೂ ಹಾಕಿಸಿಬಿಡಿ” ಎಂದರು. ಹಾಕಿಸಿದೆವು. ಸದ್ದು ಹಾಗೇ ಇತ್ತು. ಮತ್ತೆ ಹೋಗಿ ಕೇಳಿದರೆ, “ಹೊಸದಲ್ವಾ, ಸ್ವಲ್ಪ ಓಡಿದ ಮೇಲೆ ಸರಿಹೋಗುತ್ತೆ” ಎಂಬ ಉತ್ತರ. ಕೊಯ್ಲಿನ ಗಡಿಬಿಡಿಯಲ್ಲಿ ನಾವೂ ಅದನ್ನೇ ನಂಬಿದೆವು.

ಮಾಘಮಾಸದ ಒಂದು ರಾತ್ರಿ ನಮ್ಮ ಮೂರು ಮನೆಗಳಲ್ಲೊಂದರ ಹಿರಿಯ ಅಮ್ಮನಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸಿಗೆ ಕಾಯುವ ಧೈರ್ಯ ಸಾಲದೆ, ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಮಣಿಪಾಲಕ್ಕೆ ಹೊರಟೆವು. ಆಗುಂಬೆ ದಾಟಿ 14 ತಿರುವುಗಳ ಘಾಟಿ ಇಳಿಯುವಾಗ ಬೆಳಕು ಹರಿಯುತ್ತಿತ್ತು. ನಾಲ್ಕೈದು ತಿರುವು ಇಳಿದಿರಬಹುದು. ಬ್ರೇಕು ತುಳಿದಾಗಲೆಲ್ಲ ಜೀಪಿನ ಮೂತಿ ಬಲಕ್ಕೆ ಹೊರಳತೊಡಗಿತು. ಬ್ರೇಕು ಬಿಟ್ಟರೆ ಮತ್ತೆ ನೆಟ್ಟಗಾಗುತ್ತಿತ್ತು. ಮುಂದಿನ ತಿರುವಿನಲ್ಲಿ ಕೆಳಗಿನಿಂದ ಒಂದು ಬಸ್ಸು ಬಂತು. ಬ್ರೇಕು ತುಳಿದೆವು. ಜೀಪು ನೇರವಾಗಿ ಬಸ್ಸಿನ ಕಡೆಗೇ ತಿರುಗಿತು. ಬಸ್ಸಿನ ಚಾಲಕರು ಮೊದಲೇ ನಿಧಾನ ಮಾಡಿದ್ದರಿಂದ ಎರಡರ ನಡುವೆ ಒಂದು ಮೊಳ ಉಳಿಯಿತು. ಹಿಂದಿನಿಂದ ಬಂದ ಕಾರಿನವರು ಅಮ್ಮನನ್ನು ತಮ್ಮ ಗಾಡಿಯಲ್ಲಿ ಮಣಿಪಾಲಕ್ಕೆ ಮುಟ್ಟಿಸಿದರು. ಅವರ ಋಣ ತೀರಿಸಲಾರೆವು. ಅಮ್ಮ ಈಗ ಮನೆಯಲ್ಲಿದ್ದಾರೆ.

ಹೆಬ್ರಿ ಕಡೆಯಿಂದ ಬಂದ ವಯಸ್ಸಾದ ಮೆಕ್ಯಾನಿಕರೊಬ್ಬರು ರಸ್ತೆಯಲ್ಲೇ ಜೀಪಿನ ಕೆಳಗೆ ಮಲಗಿ ಐದು ನಿಮಿಷ ನೋಡಿದರು. ಹೊರಗೆ ಬಂದು, “ಶಾಕ್ ಅಲ್ಲ ಮಾರಾಯ್ರೆ, ನಿಮ್ಮ ಆಕ್ಸಲೇ ಹಿಂದೆ ಮುಂದೆ ಹೋಗ್ತಾ ಉಂಟು” ಎಂದರು. ಎಡಗಡೆಯ ಯು ಬೋಲ್ಟಿನ ನಟ್ಟುಗಳು ಕೈಯಲ್ಲೇ ತಿರುಗುತ್ತಿದ್ದವು. ಪ್ಲೇಟುಗಳ ಕಟ್ಟಿನ ನಡುವಿನ ಸೆಂಟರ್ ಬೋಲ್ಟು ಎರಡು ತುಂಡಾಗಿತ್ತು. ಒಂದು ಒಳ್ಳೆಯ ಕತ್ತಿಯ ಬೆಲೆಯೂ ಇಲ್ಲದ ಸಾಮಾನು ಅದು. ಅದನ್ನು ನೋಡದೆ ನಾವು ನಾಲ್ಕು ಹೊಸ ಶಾಕ್ ಹಾಕಿಸಿದ್ದೆವು.

ಯಾವ ಭಾಗ ಯಾವ ಕೆಲಸಕ್ಕೆ?

ನಮ್ಮ ತಪ್ಪಿನ ಮೂಲ ಇಷ್ಟೇ: ಯಾವ ಭಾಗ ಏನು ಕೆಲಸ ಮಾಡುತ್ತದೆಂದು ತಿಳಿಯದೆ ದುಡ್ಡು ಬಿಚ್ಚಿದೆವು. ಆದ್ದರಿಂದ ಮೊದಲು ಅದನ್ನು ತಿಳಿಯೋಣ.

ಮಹೀಂದ್ರಾ ಕಂಪನಿ 1947ರಲ್ಲಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಆ ವಂಶದ ಜೀಪುಗಳಲ್ಲಿ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಕಡೆಯೂ ಇರುವುದು ಉಕ್ಕಿನ ಪ್ಲೇಟುಗಳ ಕಟ್ಟು. ಹಿಂದಿನ ಕಾಲದ ಕುದುರೆ ಸಾರೋಟಿಗೆ ಇದ್ದ ಏರ್ಪಾಡೇ ಇದು. ಉದ್ದದ ಮೇನ್ ಪ್ಲೇಟಿನ ಎರಡು ತುದಿಯನ್ನೂ ಸುರುಳಿ ಮಾಡಿ ಕಣ್ಣು ತೆಗೆದಿರುತ್ತಾರೆ. ಉಳಿದ ಪ್ಲೇಟುಗಳು ಒಂದಕ್ಕಿಂತ ಒಂದು ಗಿಡ್ಡ. ಜೀಪಿನ ಮತ್ತು ಹೊರೆಯ ಭಾರ ಹೊರುವುದು ಈ ಪ್ಲೇಟುಗಳು. ಭಾರ ಹೊರುವುದು ಶಾಕ್ ಅಬ್ಸಾರ್ಬರಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಶಾಕ್ ಅಬ್ಸಾರ್ಬರಿನ ಕೆಲಸ ಕುಣಿತ ನಿಲ್ಲಿಸುವುದು. ಹೊಂಡ ದಾಟಿದ ಮೇಲೆ ಪ್ಲೇಟು ಮೇಲೆ ಕೆಳಗೆ ಆಡುತ್ತಲೇ ಇರಲು ನೋಡುತ್ತದೆ. ಶಾಕಿನೊಳಗಿನ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಬೇಕಾದಾಗ ತಡೆಯುಂಟಾಗಿ ಆ ಆಟ ಅಡಗುತ್ತದೆ. ಹಾಗಾಗಿ ಜೀಪು ಒಂದು ಕಡೆಗೆ ವಾಲಿದ್ದರೆ, ಹಿಂಭಾಗ ಕುಸಿದಿದ್ದರೆ ಶಾಕ್ ಬದಲಿಸಿ ಪ್ರಯೋಜನವಿಲ್ಲ. ಅದು ಪ್ಲೇಟಿನ ರೋಗ.

ಪ್ಲೇಟಿನ ಒಂದು ಕಣ್ಣು ಚಾಸಿಗೆ ನೇರವಾಗಿ ಕೂತಿರುತ್ತದೆ. ಇನ್ನೊಂದು ಕಣ್ಣು ಶ್ಯಾಕಲ್ ಎಂಬ ತೂಗುಪಟ್ಟಿಯಲ್ಲಿ ನೇತಾಡುತ್ತದೆ. ಹೊರೆ ಬಿದ್ದು ಪ್ಲೇಟು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುತ್ತದೆ. ಆ ಹೆಚ್ಚುವರಿಗೆ ಜಾಗ ಕೊಡುವುದು ಶ್ಯಾಕಲ್. ಕಣ್ಣುಗಳೊಳಗೆ ಬುಷ್ ಇರುತ್ತದೆ. ಬುಷ್ ಸವೆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಕಟಕಟ ಸದ್ದು.

ಪ್ಲೇಟುಗಳ ಕಟ್ಟನ್ನು ಆಕ್ಸಲಿಗೆ ಬಿಗಿಯುವುದು ಯು ಬೋಲ್ಟು. ಪ್ಲೇಟುಗಳನ್ನೆಲ್ಲ ಪೋಣಿಸಿರುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತು, ಆಕ್ಸಲ್ ಎಲ್ಲಿರಬೇಕೆಂದು ಗುರುತು ಹಿಡಿಯುತ್ತದೆ. ಹಿಡಿತದ ಶಕ್ತಿ ಇರಬೇಕಾದ್ದು ಯು ಬೋಲ್ಟಿನಲ್ಲಿ. ಅದು ಸಡಿಲವಾದರೆ ಬ್ರೇಕಿನ ಮತ್ತು ಎಂಜಿನ್ನಿನ ಎಳೆತವೆಲ್ಲ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಒಂದು ದಿನ ಅದು ಕತ್ತರಿಸುತ್ತದೆ. ನಮ್ಮಲ್ಲಿ ಆದದ್ದು ಇದೇ. ಬ್ರೇಕು ಹಿಡಿದಾಗ ಆಕ್ಸಲಿನ ಎಡತುದಿ ಹಿಂದಕ್ಕೆ ಜಾರಿತು, ಹಿಂದಿನ ಚಕ್ರಗಳೆರಡೂ ಓರೆಯಾದವು, ಮೂತಿ ಬಲಕ್ಕೆ ತಿರುಗಿತು.

ಯು ಬೋಲ್ಟು ಸಡಿಲವಾದದ್ದಕ್ಕೂ ಕಾರಣ ನಾವೇ. ಹಿಂದಿನ ವರ್ಷ ಚೀಲ ಹೆಚ್ಚು ಹೇರಬಹುದೆಂದು ಹಿಂದುಗಡೆ ಎರಡೂ ಪಕ್ಕಕ್ಕೆ ಒಂದೊಂದು ಪ್ಲೇಟು ಹೆಚ್ಚಿಗೆ ಕಟ್ಟಿಸಿದ್ದೆವು. ಕಟ್ಟು ದಪ್ಪವಾಯಿತು; ಯು ಬೋಲ್ಟು ಮಾತ್ರ ಹಳೆಯದೇ. ನಟ್ಟು ಪೂರ್ತಿ ಹಿಡಿಯುವಷ್ಟು ಉದ್ದ ಅದಕ್ಕೆ ಉಳಿದಿರಲಿಲ್ಲ. ಆಮೇಲೆ ಒಂದು ಸಲವೂ ಸ್ಪ್ಯಾನರು ಹಾಕಿ ನೋಡಲಿಲ್ಲ.

ಕೊಳ್ಳುವ ಮೊದಲು ಆರು ಪರೀಕ್ಷೆ

ಈ ಪರೀಕ್ಷೆಗಳಿಗೆ ಮೆಕ್ಯಾನಿಕ್ ಬೇಕಾಗಿಲ್ಲ. ಒಂದು ಬೆಳಗ್ಗೆ, ಒಂದು ಅಳತೆ ಟೇಪು, ತಂತಿ ಬ್ರಷ್ಷು, ಒಂದು ಸಣ್ಣ ಹಾರೆಗೋಲು ಸಾಕು. ಸಮತಟ್ಟಾದ ಜಾಗ ಬೇಕು. ಅಡಿಕೆ ಒಣಗಿಸುವ ಅಂಗಳ ಅಥವಾ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಗ್ಯಾರೇಜಿನಲ್ಲೂ ಸಿಗದು.

1. ಎತ್ತರ: ಜೀಪು ಖಾಲಿ ಮಾಡಿ, ಎಡಬಲದ ಟಯರುಗಳಿಗೆ ಸಮನಾಗಿ ಗಾಳಿ ತುಂಬಿಸಿ. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಎಡಬಲ ಅಳತೆಗಳಲ್ಲಿ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ತಗ್ಗಿದ ಕಡೆಯ ಪ್ಲೇಟನ್ನು ಸಂಶಯದಿಂದ ನೋಡಿ.

2. ಹಗ್ಗ: ಮುಂದಿನ ಚಕ್ರಗಳನ್ನು ನೆಟ್ಟಗೆ ಮಾಡಿ ನಿಲ್ಲಿಸಿ. ಅಡಿಕೆ ಸಸಿ ನೆಡುವಾಗ ಸಾಲು ಹಿಡಿಯುವ ಹಗ್ಗವನ್ನೇ ತೆಗೆದುಕೊಂಡು, ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಹಿಡಿದು ಗಂಟು ಹಾಕಿ. ಅದೇ ಹಗ್ಗವನ್ನು ಇನ್ನೊಂದು ಪಕ್ಕಕ್ಕೆ ಹಿಡಿಯಿರಿ. ಎರಡೂ ಸರಿಸಮ ಇರಬೇಕು. ಘಾಟಿಯಿಂದ ಜೀಪನ್ನು ಎಳೆಸಿ ತಂದ ಮೇಲೆ ನಾವು ಹೀಗೆ ಹಿಡಿದಾಗ ಎಡಗಡೆ ಮುಕ್ಕಾಲು ಇಂಚು ಉದ್ದ ಬಂತು. ಶಾಕಿಗೆ ದುಡ್ಡು ಕೊಡುವ ಮೊದಲು ಈ ಹಗ್ಗ ಹಿಡಿದಿದ್ದರೆ!

3. ಪ್ಲೇಟು: ತಂತಿ ಬ್ರಷ್ಷಿನಿಂದ ಕೆಸರು ಕೆರೆದು ತೆಗೆದು, ಟಾರ್ಚ್ ಹಿಡಿದು ನೋಡಿ. ಸೆಂಟರ್ ಬೋಲ್ಟಿನ ಸುತ್ತ ಮತ್ತು ಕಣ್ಣಿನ ಬುಡದಲ್ಲಿ ಅಡ್ಡಲಾಗಿ ಕೆಂಪು ತುಕ್ಕಿನ ಗೆರೆ ಕಂಡರೆ ಅದು ಬಿರುಕಾಗಿರಬಹುದು. ಒಂದು ಪ್ಲೇಟು ಉಳಿದವುಗಳ ಸಾಲಿನಿಂದ ಪಕ್ಕಕ್ಕೆ ಸರಿದಿದ್ದರೆ ಅದೂ ಕೆಟ್ಟ ಗುರುತೇ.

4. ಯು ಬೋಲ್ಟು: ಸರಿಯಾದ ಅಳತೆಯ ರಿಂಗ್ ಸ್ಪ್ಯಾನರು ಹಾಕಿ ಬಿಗಿ ನೋಡಿ. ಆಕ್ಸಲ್ ಪ್ಯಾಡಿನ ಅಂಚಿನಲ್ಲಿ ಕಬ್ಬಿಣ ಉಜ್ಜಿ ಹೊಳೆಯುತ್ತಿದ್ದರೆ ಅಲ್ಲಿ ಏನೋ ಜಾರುತ್ತಿದೆ ಎಂದೇ ತಿಳಿಯಬೇಕು.

5. ಬುಷ್: ಹಾರೆಗೋಲನ್ನು ಕಣ್ಣು ಮತ್ತು ಶ್ಯಾಕಲಿನ ನಡುವೆ ತೂರಿಸಿ ಮೀಟಿ. ಸ್ವಲ್ಪ ಅದುಮಿ ಹಿಂದಕ್ಕೆ ಬಂದರೆ ಸರಿ. ಲೊಡಲೊಡ ಆಡಿದರೆ, ರಬ್ಬರು ಹರಿದು ಹೊರಗೆ ಇಣುಕಿದ್ದರೆ ಬದಲಿಸಲೇಬೇಕು.

6. ಶಾಕ್: ಮೈಮೇಲೆ ಎಣ್ಣೆ ಇಳಿದಿದ್ದರೆ, ಕೊಳವೆ ಜಜ್ಜಿದ್ದರೆ ಅದರ ಆಯುಸ್ಸು ಮುಗಿದಿದೆ. ಕಾರಿನಲ್ಲಿ ಮೂಲೆಯನ್ನು ಒತ್ತಿಬಿಟ್ಟು ಕುಣಿತ ಎಣಿಸುವ ಪರೀಕ್ಷೆಯುಂಟು. ಪ್ಲೇಟಿನ ಜೀಪು ಸ್ವಭಾವತಃ ಬಿರುಸು. ಪ್ಲೇಟುಗಳ ಪರಸ್ಪರ ತಿಕ್ಕಾಟವೇ ಅರ್ಧ ಕುಣಿತವನ್ನು ತಡೆಯುತ್ತದೆ. ಆದ್ದರಿಂದ ಕುಲುಕಿ ನೋಡಿ ಹೇಳುವ ತೀರ್ಪನ್ನು ನಂಬಬೇಡಿ. ಶಾಕಿನ ಕೆಳಗಿನ ತುದಿ ಬಿಚ್ಚಿ ಕೈಯಿಂದ ಎಳೆದು ಒತ್ತಿ ನೋಡಿ. ಉದ್ದಕ್ಕೂ ಒಂದೇ ಸಮನೆ ತಡೆ ಇರಬೇಕು. ನಡುವೆ ಎಲ್ಲಾದರೂ ಪೊಳ್ಳಾಗಿ ಜಾರಿದರೆ ಕೆಟ್ಟಿದೆ.

ಸ್ಟೇರಿಂಗ್ ಗಡಗಡ ನಡುಗಿದರೆ ಅದಕ್ಕೆ ಪ್ಲೇಟೊಂದೇ ಕಾರಣವಲ್ಲ. ಕಿಂಗ್ ಪಿನ್ನು, ಟೈ ರಾಡ್ ತುದಿಗಳು, ಚಕ್ರದ ಬೇರಿಂಗು ಸವೆದಿದ್ದರೂ ಹಾಗಾಗುತ್ತದೆ. ಅದನ್ನು ತಿಳಿದವರಿಂದ ನೋಡಿಸಿ.

ಅಂಗಡಿಗೆ ಹೋದಾಗ

ಬಾಯಿಮಾತಿನಲ್ಲಿ “ಜೀಪಿನ ಹಿಂದಿನ ಪ್ಲೇಟು ಕೊಡಿ” ಎಂದರೆ ಅಂಗಡಿಯವರು ಯಾವುದನ್ನಾದರೂ ಕೊಡಬಹುದು. ಮಾದರಿಯ ಹೆಸರು ಮತ್ತು ತಯಾರಾದ ವರ್ಷವನ್ನು ಆರ್.ಸಿ. ನೋಡಿ ಬರೆದುಕೊಳ್ಳಿ. ಸಾಧ್ಯವಾದರೆ ಹಳೆಯ ಸಾಮಾನನ್ನೇ ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ. ಪ್ಲೇಟುಗಳ ಸಂಖ್ಯೆ, ಅಗಲ, ಒಂದೊಂದರ ದಪ್ಪ, ಕಣ್ಣಿನಿಂದ ಕಣ್ಣಿಗೆ ಉದ್ದ, ಕಣ್ಣಿನ ಒಳಅಳತೆ, ಸೆಂಟರ್ ಬೋಲ್ಟಿನಿಂದ ಎರಡು ತುದಿಗೂ ಇರುವ ದೂರ, ಇವಿಷ್ಟೂ ಹೊಂದಬೇಕು. ಕೆಲವು ಜೀಪುಗಳಲ್ಲಿ ಎಡದ್ದೂ ಬಲದ್ದೂ ಬೇರೆಯಾಗಿರುತ್ತದೆ, ಎರಡನ್ನೂ ಅಳೆಯಿರಿ.

ಪ್ಲೇಟಾಗಲಿ ಶಾಕಾಗಲಿ, ಒಂದೇ ಆಕ್ಸಲಿನ ಎರಡೂ ಪಕ್ಕದ್ದನ್ನು ಜೊತೆಯಾಗಿ ಬದಲಿಸುವುದು ಒಳ್ಳೆಯದು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹತ್ತು ವರ್ಷದ ಹಳೆಯದು ಎಂದರೆ ಎಳೆಗರುವನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಹಿಂದಿನದು ಕೆಟ್ಟರೆ ಮುಂದಿನದನ್ನೂ ಬದಲಿಸಬೇಕೆಂದೇನೂ ಇಲ್ಲ. “ನಾಲ್ಕೂ ಹಾಕಿಸಿಬಿಡಿ” ಎಂಬ ಮಾತಿಗೆ ಕಾರಣ ಕೇಳಿ.

ಶಾಕ್ ಕೊಳ್ಳುವಾಗ ಪೂರ್ತಿ ಮಡಚಿದಾಗಿನ ಉದ್ದ, ಪೂರ್ತಿ ಎಳೆದಾಗಿನ ಉದ್ದ ಎರಡೂ ಹಳೆಯದಕ್ಕೆ ಹೊಂದಬೇಕು. ಗಿಡ್ಡವಾದರೆ ಚಕ್ರ ಹೊಂಡಕ್ಕೆ ಇಳಿದಾಗ ಶಾಕೇ ಆಕ್ಸಲನ್ನು ನೇತುಹಾಕಿಕೊಂಡು ಕಿತ್ತುಹೋಗುತ್ತದೆ. ಉದ್ದವಾದರೆ ಹೊರೆ ಬಿದ್ದಾಗ ತಳಮುಟ್ಟಿ ಒಡೆಯುತ್ತದೆ.

ಮುರಿದ ಪ್ಲೇಟಿಗೆ ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಖಂಡಿತ ಒಪ್ಪಬೇಡಿ. ಇದನ್ನು ನಮಗೆ ಮನಗಾಣಿಸಿದವರು ಊರಿನ ಕಮ್ಮಾರರು. ಲಾರಿ, ಜೀಪಿನ ಹಳೆಯ ಪ್ಲೇಟಿನಿಂದ ಮಾಡಿದ ಕತ್ತಿ ಎಷ್ಟು ಗಟ್ಟಿ ಎಂಬುದು ನಮಗೆಲ್ಲ ಗೊತ್ತೇ ಇದೆ. ಆ ಗುಣ ಬರುವುದು ಉಕ್ಕಿಗೆ ಕೊಟ್ಟ ಹದದಿಂದ. ಅದೇ ಕತ್ತಿ ಒಲೆಯ ಬೆಂಕಿಗೆ ಬಿದ್ದರೆ ಹದ ಕೆಟ್ಟು ಬಾಯಿ ಮಡಚುತ್ತದೆ. ವೆಲ್ಡಿಂಗಿನ ಕಾವೂ ಪ್ಲೇಟಿನ ಹದವನ್ನು ಹಾಗೆಯೇ ಕೆಡಿಸುತ್ತದೆ. ಬೆಸುಗೆಯ ಮಗ್ಗುಲಲ್ಲೇ ಅದು ಮತ್ತೆ ಮುರಿಯುತ್ತದೆ, ಎಲ್ಲಿ ಎಂದು ಹೇಳಿ ಮುರಿಯುವುದಿಲ್ಲ. ತಗ್ಗಿದ ಪ್ಲೇಟನ್ನು ಬಡಿದು ಕಮಾನು ಕೊಡಿಸುವ ಪದ್ಧತಿಯೂ ಇದೆ. ಕೆಲವು ಕಾಲ ನಿಂತು ಮತ್ತೆ ತಗ್ಗುತ್ತದೆ. ಕೈಯಲ್ಲಿ ದುಡ್ಡಿಲ್ಲದಾಗಿನ ತಾತ್ಕಾಲಿಕ ಉಪಾಯ ಅದು, ಅಷ್ಟೇ.

ಬದಲಿಸುವ ಕ್ರಮ

ಹಿಂದಿನ ಪ್ಲೇಟುಗಳನ್ನು ನಾವು ಅಂಗಳದಲ್ಲೇ, ಹತ್ತಿರದ ಊರಿನ ಮೆಕ್ಯಾನಿಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬದಲಿಸಿದೆವು. ಮೊದಲ ಸಲ ಕೈಹಾಕುವವರು ಹೀಗೆ ತಿಳಿದವರೊಬ್ಬರ ಕಣ್ಣೆದುರೇ ಮಾಡಬೇಕು. ಇಬ್ಬರಾದರೂ ಬೇಕು, ಪ್ಲೇಟಿನ ಕಟ್ಟು ಒಬ್ಬರ ಕೈಗೆ ಭಾರ.

ಹಿಂದಿನ ದಿನವೇ ಎಲ್ಲ ನಟ್ಟು ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆಯನ್ನೋ ಡೀಸೆಲನ್ನೋ ಹಾಕಿ ನೆನೆಯಲು ಬಿಡಿ. ಚಕ್ರದ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಕೈಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು. ಹಿಂದಿನ ಒಂದು ಚಕ್ರ ನೆಲ ಬಿಟ್ಟಿತೆಂದರೆ ಅಂಥ ಕೈಬ್ರೇಕು ಇದ್ದೂ ಇಲ್ಲದಂತೆ. ಗೇರಿನಲ್ಲಿ ನಿಲ್ಲಿಸಿದರೂ ಇದೇ ಕಥೆ. ದಿಮ್ಮಿಯೇ ನಿಮ್ಮ ಕೈಬ್ರೇಕು.

ಜಾಕ್ ಎತ್ತಿದ ಮೇಲೆ ಚಾಸಿಯ ಕೆಳಗೆ ಎರಡೂ ಪಕ್ಕ ಕಬ್ಬಿಣದ ಸ್ಟ್ಯಾಂಡು ಇಡಿ. ಬರೀ ಜಾಕಿನ ಮೇಲೆ ನಿಂತ ಜೀಪಿನಡಿಗೆ ತಲೆ ಹಾಕಬೇಡಿ. ಜಂಬಿಟ್ಟಿಗೆ ಕಲ್ಲು, ಸಿಮೆಂಟಿನ ಪೊಳ್ಳು ಇಟ್ಟಿಗೆ ಪೇರಿಸಿ ಅದರ ಮೇಲೆ ನಿಲ್ಲಿಸುವುದನ್ನು ನಾವು ಎಲ್ಲೆಡೆ ನೋಡಿದ್ದೇವೆ. ಅವು ಬಿರುಕು ಬಿಡುವ ಮುನ್ಸೂಚನೆ ಕೊಡದೆ ಒಮ್ಮೆಗೇ ಪುಡಿಯಾಗುತ್ತವೆ. ಸ್ಟ್ಯಾಂಡು ಇಲ್ಲದವರು ಆ ದಿನದ ಮಟ್ಟಿಗೆ ಬಾಡಿಗೆಗೋ ಎರವಲಾಗಿಯೋ ತರಬೇಕು.

ಈಗ ಜಾಕನ್ನು ಆಕ್ಸಲಿನಡಿಗೆ ತಂದು ಅದರ ಭಾರವನ್ನಷ್ಟೇ ಹಿಡಿಯಿರಿ. ಚಕ್ರ ತೆಗೆಯಿರಿ. ಶಾಕಿನ ಕೆಳತುದಿ, ಆಮೇಲೆ ಯು ಬೋಲ್ಟು, ಕೊನೆಗೆ ಎರಡು ಕಣ್ಣುಗಳ ಬೋಲ್ಟು ಬಿಚ್ಚಿ. ಆಕ್ಸಲ್ ಕೆಳಗಿಳಿದಾಗ ಬ್ರೇಕಿನ ರಬ್ಬರು ಪೈಪು ಎಳೆದುಕೊಳ್ಳದಂತೆ ಒಬ್ಬರು ನೋಡುತ್ತಿರಬೇಕು. ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕ ಬಿಚ್ಚಿ. ಸಂಶಯ ಬಂದಾಗ ಬಿಚ್ಚದ ಪಕ್ಕವನ್ನು ನೋಡಿದರೆ ಉತ್ತರ ಸಿಗುತ್ತದೆ. ಕೇವಲ ಒಂದು ಪ್ಲೇಟು ಅಥವಾ ಸೆಂಟರ್ ಬೋಲ್ಟು ಬದಲಿಸುವವರು ಕಟ್ಟನ್ನು ಸಿ-ಕ್ಲಾಂಪಿನಿಂದಲೋ ವೈಸಿನಲ್ಲೋ ಬಿಗಿದೇ ಬೋಲ್ಟು ಬಿಚ್ಚಬೇಕು. ಇಲ್ಲದಿದ್ದರೆ ಪ್ಲೇಟುಗಳು ಸಿಡಿದು ಕೈಗೆ ಬಡಿಯುತ್ತವೆ.

ಹಳೆಯ ವಿಲ್ಲೀಸ್ ವಂಶದ ಕೆಲವು ಜೀಪುಗಳಲ್ಲಿ ರಬ್ಬರು ಬುಷ್ ಇರುವುದಿಲ್ಲ. ಶ್ಯಾಕಲಿಗೇ ಥ್ರೆಡ್ಡು ಹಾಕಿದ ಉಕ್ಕಿನ ಬುಷ್ ಇರುತ್ತದೆ. ಅವುಗಳಲ್ಲಿ ಕೆಲವಕ್ಕೆ ಎಡಗಡೆಗೆ ತಿರುಗುವ ಥ್ರೆಡ್ಡು. ತಿಳಿಯದೆ ಬಲಪ್ರಯೋಗ ಮಾಡಿದರೆ ಕೆಟ್ಟಿತು. ಅಂಥವಕ್ಕೆ ಆಗಾಗ ಗ್ರೀಸು ಬೇಕು. ರಬ್ಬರು ಬುಷ್ಷಿಗೆ ಮಾತ್ರ ಗ್ರೀಸು, ಎಂಜಿನ್ ಆಯಿಲು ಸೋಕಿಸಬಾರದು. ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಕೂರಿಸುವಾಗ ಜಾರಲೆಂದು ಸೋಪಿನ ನೀರು ಹಚ್ಚಿದರೆ ಸಾಕು. ಮಳೆಗಾಲಕ್ಕೆ ಮುಂಚೆ ಪ್ಲೇಟುಗಳಿಗೆಲ್ಲ ಹಳೆಯ ಆಯಿಲು ಬಳಿಯುವ ನಮ್ಮ ಅಭ್ಯಾಸ ಬುಷ್ಷಿಗೆ ಇದೇ ಕಾರಣಕ್ಕೆ ಹಗೆ.

ಜೋಡಿಸುವಾಗ ಮೊದಲು ಚಾಸಿಗೆ ಕೂರುವ ಕಣ್ಣು, ಆಮೇಲೆ ಶ್ಯಾಕಲ್. ಎರಡನ್ನೂ ಕೈಬಿಗಿಯಷ್ಟೇ ಮಾಡಿ. ಸೆಂಟರ್ ಬೋಲ್ಟಿನ ತಲೆ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಯು ಬೋಲ್ಟು ಮತ್ತು ಅದರ ನಟ್ಟು ಯಾವಾಗಲೂ ಹೊಸದೇ ಇರಲಿ. ಒಮ್ಮೆ ಬಿಗಿದ ಯು ಬೋಲ್ಟು ಹಿಗ್ಗಿರುತ್ತದೆ, ಎರಡನೆಯ ಸಲ ಅದೇ ಹಿಡಿತ ಕೊಡದು. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ಬಿಗಿಯಬೇಕು. ಕೊನೆಯ ಬಿಗಿ ಎಷ್ಟೆಂಬುದು ಕಂಪನಿಯ ಕೈಪಿಡಿಯಲ್ಲಿರುತ್ತದೆ. ಅದಕ್ಕೆ ಟಾರ್ಕ್ ವ್ರೆಂಚ್ ಇದ್ದವರನ್ನು ಕರೆಯಿರಿ.

ಹೊಸಬರು ತಪ್ಪುವುದು ಇನ್ನೊಂದು ಕಡೆ. ರಬ್ಬರು ಬುಷ್ ಇರುವ ಕಣ್ಣಿನ ಬೋಲ್ಟುಗಳ ಪೂರ್ತಿ ಬಿಗಿ ಜೀಪು ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಆಗಬೇಕು. ಆಕಾಶದಲ್ಲಿ ನೇತಾಡುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಹೊಸ ಬುಷ್ ಬೇಗನೆ ಹರಿಯುವುದಕ್ಕೆ ಹಲವು ಸಲ ಇದೇ ಕಾರಣ.

ಕೆಲಸ ಮುಗಿದ ಮೇಲೆ ಮತ್ತೆ ಹಗ್ಗ ಹಿಡಿದು ಎರಡು ಪಕ್ಕವೂ ಸಮವಿದೆಯೇ ನೋಡಿ. ಖಾಲಿ ಜೀಪನ್ನು ಊರೊಳಗೆ ನಿಧಾನವಾಗಿ ಓಡಿಸಿ, ಬ್ರೇಕು ಹಿಡಿದು ಪರೀಕ್ಷಿಸಿ. ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟಿನ ಬಿಗಿಯನ್ನು ಮತ್ತೆ ನೋಡಲೇಬೇಕು. ಪ್ಲೇಟುಗಳು ಒಂದರ ಮೇಲೊಂದು ಕೂತು ಸ್ವಲ್ಪ ಸಡಿಲ ಬಂದಿರುತ್ತದೆ. ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ. ಹತ್ತು ನಿಮಿಷದ ಕೆಲಸ. ನಾವು ಮಾಡದೆ ಬಿಟ್ಟದ್ದು ಈ ಹತ್ತು ನಿಮಿಷದ ಕೆಲಸವನ್ನೇ.

ಮನೆಯಲ್ಲಿ ಕೈಹಾಕಬಾರದ್ದು

ಸದಸ್ಯರಲ್ಲಿ ಹಲವರ ಬಳಿ ಮಾರುತಿ 800, ಆಲ್ಟೊ, ಓಮ್ನಿ ಇವೆ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತಾದರೂ ನಮ್ಮ ರಸ್ತೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಓಮ್ನಿಯ ಹಿಂದುಗಡೆ ಪ್ಲೇಟು. ಅದಕ್ಕೆ ಮೇಲಿನ ಮಾತುಗಳು ಬಹುಪಾಲು ಅನ್ವಯಿಸುತ್ತವೆ. ಆದರೆ ಈ ಮೂರರ ಮುಂದುಗಡೆಯೂ ಇರುವುದು ಸ್ಟ್ರಟ್. ಸುರುಳಿ ಸ್ಪ್ರಿಂಗು, ಶಾಕ್ ಎರಡೂ ಸೇರಿ ಒಂದೇ ಕಂಬವಾಗಿರುತ್ತದೆ. ಆ ಸುರುಳಿಯನ್ನು ಒಳಗೆ ಅದುಮಿ ಕೂರಿಸಿರುತ್ತಾರೆ. ತಲೆಯ ಮೇಲಿನ ನಟ್ಟನ್ನು ತಿಳಿಯದೆ ಬಿಚ್ಚಿದರೆ ಸುರುಳಿ ಸಿಡಿದು ಪ್ರಾಣ ತೆಗೆಯಬಲ್ಲದು. ಅದನ್ನು ಬಿಚ್ಚಲು ತಕ್ಕ ಕ್ಲಾಂಪು ಇರುವ ವರ್ಕ್‌ಶಾಪಿಗೇ ಕೊಡಬೇಕು. ಸ್ಟ್ರಟ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಅಂಚಿಗೆ ಸವೆಯುತ್ತದೆ.

ಜೀಪನ್ನು ಎತ್ತರ ಮಾಡಿಸುವ ಹುಚ್ಚು ನಮ್ಮ ಹುಡುಗರಲ್ಲಿ ಹೆಚ್ಚುತ್ತಿದೆ. ಎತ್ತರಿಸಿದಾಗ ಶಾಫ್ಟಿನ ಕೋನ, ಸ್ಟೇರಿಂಗಿನ ಕೋನ, ಬ್ರೇಕು ಪೈಪಿನ ಉದ್ದ ಎಲ್ಲವೂ ಬದಲಾಗುತ್ತವೆ. ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ನೋಂದಣಿಯಲ್ಲಿ ಇದ್ದುದಕ್ಕಿಂತ ಬೇರೆಯಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಅಡ್ಡಿಯೂ ಇದೆ.

ಹೊರೆಯ ಲೆಕ್ಕ

ಕೊನೆಯದಾಗಿ ನಮ್ಮ ಮೂಲ ತಪ್ಪಿನ ವಿಚಾರ. ಕಾಫಿ ಚೆರ್ರಿಯ ಚೀಲ 50 ಕಿಲೋ. ನಾವು ಒಂದು ಸಲಕ್ಕೆ 12 ಚೀಲ ಹೇರುತ್ತಿದ್ದೆವು; 600 ಕಿಲೋ. ಅದರ ಮೇಲೆ ನಾಲ್ಕು ಮಂದಿ, ತಲೆಗೆ 60 ಕಿಲೋ ಎಂದರೂ 240. ಒಟ್ಟು 840 ಕಿಲೋ. ಕೈಪಿಡಿ ತೆಗೆದು, ನಮ್ಮ ಜೀಪು ಎಷ್ಟು ಹೊರಬೇಕೆಂದು ಮಾಡಿದ್ದಾರೆ ಎಂದು ನೋಡಿದಾಗ ನಾಚಿಕೆಯಾಯಿತು.

ಪ್ಲೇಟು ಸೇರಿಸಿದರೆ ಜೀಪಿನ ಶಕ್ತಿ ಹೆಚ್ಚಿತೆಂದು ಭಾವಿಸಿದ್ದೆವು. ಹೆಚ್ಚಾದದ್ದು ಪ್ಲೇಟಿನ ಬಿರುಸು ಮಾತ್ರ. ಚಾಸಿ, ಆಕ್ಸಲು, ಬೇರಿಂಗು, ಟಯರು, ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕು, ಎಲ್ಲವೂ ಹಿಂದಿನವೇ. ಮೊದಲು ಪ್ಲೇಟು ನುಂಗಿಕೊಳ್ಳುತ್ತಿದ್ದ ಪೆಟ್ಟು ಈಗ ಚಾಸಿಗೂ ಶ್ಯಾಕಲಿಗೂ ಬಡಿಯುತ್ತದೆ. ಹೊಸ ಪ್ಲೇಟು ಹಾಕಿಸಿದಾಗ ನಾವು ಕಂಪನಿಯ ಲೆಕ್ಕದಷ್ಟೇ ಹಾಕಿಸಿದೆವು. ಈಗ ಅದೇ ಬೆಳೆಯನ್ನು ಎರಡು ಸಲಕ್ಕೆ ಸಾಗಿಸುತ್ತೇವೆ. ಡೀಸೆಲು ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ನಿಜ. ಆದರೆ ಆ ಬೆಳಗಿನ ಬಸ್ಸು ನೆನಪಾದಾಗ ಆ ಖರ್ಚಿನ ಬಗ್ಗೆ ಮೂವರಲ್ಲಿ ಯಾರೂ ಮಾತೆತ್ತುವುದಿಲ್ಲ.

ಮಳೆ ನಿಂತು, ಅಡಿಕೆ ಕಾಫಿ ಕೊಯ್ಲು ಬಿರುಸಾಗುವ ಮುನ್ನ ನಮಗೆಲ್ಲ ಸ್ವಲ್ಪ ಬಿಡುವು ಸಿಗುತ್ತದೆ. ನಾಲ್ಕು ತಿಂಗಳ ಕೆಸರು ಪ್ಲೇಟುಗಳ ನಡುವೆ ಮೆತ್ತಿಕೊಂಡಿರುವ ಕಾಲವೂ ಅದೇ, ಆಯುಧಪೂಜೆ ಬರುವುದೂ ಆಗಲೇ. ಈ ಸಲ ಮಾಲೆ ಹಾಕುವ ಮೊದಲು ಗೋಣಿ ಹಾಸಿ, ಟಾರ್ಚ್ ಹಿಡಿದು, ಒಮ್ಮೆ ಕೆಳಗೆ ಬಗ್ಗಿ ನೋಡಿ. ಹಗ್ಗ ಹಿಡಿದು ಅಳೆಯಿರಿ. ಸ್ಪ್ಯಾನರು ಹಾಕಿ ಬಿಗಿ ನೋಡಿ. ಆಮೇಲೆ ನಿಂಬೆಹಣ್ಣು ಇಡಿ.

ಇಂಥ ಅನುಭವ ಬೇರೆ ಸದಸ್ಯರಿಗೂ ಆಗಿರಬಹುದು. ಬರೆದು ತಿಳಿಸಿದರೆ ಉಳಿದವರಿಗೂ ಉಪಕಾರವಾದೀತು. ಎರಡು ಕಬ್ಬಿಣದ ಸ್ಟ್ಯಾಂಡು ಮತ್ತು ಒಂದು ಟಾರ್ಕ್ ವ್ರೆಂಚನ್ನು ಸೊಸೈಟಿಯ ಗೋದಾಮಿನಲ್ಲಿ ಇಟ್ಟು, ಬೇಕಾದ ಸದಸ್ಯರಿಗೆ ಸರದಿಯಂತೆ ಕೊಡುವ ಏರ್ಪಾಡಾದರೆ ಸಣ್ಣ ಬೆಳೆಗಾರರಿಗೆ ತುಂಬ ಅನುಕೂಲ. ಮುಂದಿನ ಸಭೆಯಲ್ಲಿ ನಾವು ಮೂವರೂ ಈ ಮಾತನ್ನು ಎತ್ತುವವರಿದ್ದೇವೆ.